ಹದಿನಾಲ್ಕನೇ ನಂಬರಿನ ಸೀಲು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್
17-1-2014, ಶುಕ್ರವಾರ

ಪ್ರೀತಿಯ ಪ್ಯಾಟ್ರಿಶಿಯಾ ಅಕ್ಕನಿಗೆ,

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ತಪ್ಪಿರಬಹುದು. ರೂಮಿನಲ್ಲಿ ಎಂಟು ಮಂಚ ಇವೆ, ಮೇಜು ಒಂದೂ ಇಲ್ಲ. ಮೊಣಕಾಲಿನ ಮೇಲೆ ಬಿಸ್ಕತ್ತು ಡಬ್ಬದ ಮುಚ್ಚಳ ಇಟ್ಟು ಬರೆಯುತ್ತಿದ್ದೇನೆ.

ನೀನು ಫೋನು ಮಾಡಿದಾಗ ನಾನು ಬರೇ ಹೂಂ ಹೂಂ ಅಂದೆ ಎಂದು ಬೇಸರ ಮಾಡಿಕೊಳ್ಳಬೇಡ. ಏಳು ಮಂದಿ ಕೇಳುತ್ತಾ ಕೂತಿರುವಾಗ ನನಗೆ ಮಾತು ಹೊರಡುವುದಿಲ್ಲ. ನಿನಗೆ ಮೂರು ತಿಂಗಳು ಎಂದು ಹೇಳಿದಾಗ ಎಷ್ಟು ಖುಷಿಯಾಯಿತೆಂದರೆ, ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿ ಅತ್ತೆ. ಡ್ಯಾರಲ್ ಬಾವನಿಗೆ ಹೇಳು. ಅತ್ತದ್ದನ್ನು ಹೇಳಬೇಡ.

ಕೆಲಸ ಕಷ್ಟವಿಲ್ಲ. ಪ್ಯಾಕಿಂಗ್ ಹಾಲ್ ನೋಡಿಕೊಳ್ಳುವ ಕ್ಲಾರೆನ್ಸ್ ಸರ್ ನಮ್ಮ ಊರಿನವರಾದ್ದರಿಂದ ನನ್ನನ್ನು ಸಾವಯವ ತರಕಾರಿ ಕಟ್ಟುವ ಬೆಲ್ಟಿಗೆ ಹಾಕಿದ್ದಾರೆ. ಇಲ್ಲಿ ಎಲ್ಲರೂ ಅದನ್ನು ಆರ್ಗ್ಯಾನಿಕ್ ಎನ್ನುತ್ತಾರೆ. ಬೆಳಿಗ್ಗೆ ಬೆಲ್ಟು ತೊಳೆದು ಒರೆಸಿದ ಮೇಲೆ ಮೊದಲು ಅದೇ ಓಡಬೇಕು, ಆಮೇಲೆ ಸಾದಾ ತರಕಾರಿ. ಸಾವಯವದ್ದು ತೋಟದಿಂದ ನೀಲಿ ಟ್ರೇಯಲ್ಲಿ ಬರುತ್ತದೆ, ಮಾರ್ಕೆಟಿನದ್ದು ಬಿಳಿ ಟ್ರೇಯಲ್ಲಿ. ತೂಕ ಮಾಡಿ, ಪ್ಯಾಕೆಟ್ ಕಟ್ಟಿ, ಎಲೆ ಚಿತ್ರದ ಹಸಿರು ಸ್ಟಿಕರ್ ಅಂಟಿಸಬೇಕು. ಕೊನೆಗೆ ಕಟ್ಟಿದವರ ನಂಬರಿನ ಸೀಲು ಒತ್ತಬೇಕು. ನನ್ನ ನಂಬರು ಹದಿನಾಲ್ಕು. ನನ್ನದು ಅಂತ ಒಂದು ಸೀಲು ಸಿಕ್ಕಿತಲ್ಲ ಎಂದು ಮೊದಲ ದಿನ ಅಂಗೈಯಲ್ಲೂ ಒತ್ತಿ ನೋಡಿದೆ.

ಈ ಕಾಗದವನ್ನು ನಮ್ಮ ವ್ಯಾನಿನ ಇದಿನಬ್ಬ ಕಾಕನ ಕೈಯಲ್ಲಿ ಕೊಡುತ್ತೇನೆ. ಅವರು ಬಂಟ್ವಾಳದ ಕಡೆಯವರು. ಭಾನುವಾರ, ಬುಧವಾರ ಖಾಲಿದಿಯಾಕ್ಕೆ ತರಕಾರಿ ಇಳಿಸಲು ಬರುತ್ತಾರೆ, ನಿನ್ನ ಮನೆಯ ಕೆಳಗಿನ ಸೂಪರ್‌ಮಾರ್ಕೆಟಿಗೇ. ಕೇಳಿದಾಗ, “ನಾನು ಎಂತ ಪೋಸ್ಟ್‌ಮ್ಯಾನಾ? ಆಯ್ತು ಕೊಡು, ಟೊಮೆಟೊ ಒಟ್ಟಿಗೆ ಕೂತು ಹೋಗ್ತದೆ” ಅಂದರು.

ನಿನ್ನ
ಡೆಲ್ಫಿನ್


ಖಾಲಿದಿಯಾ, ಅಬುಧಾಬಿ
26-1-2014

ಮುದ್ದಿನ ಡೆಲ್ಫಿ,

ಯಾರು ಹೇಳಿದ್ದು ನಿನ್ನ ಅಕ್ಷರ ಚೆನ್ನಾಗಿಲ್ಲ ಎಂದು? ಹೊಳೆಯಾಚೆಯ ದೊಡ್ಡ ಶಾಲೆಯಲ್ಲಿ ಟೀಚರು ಹೆಸರು ಕೇಳಿದರೆಂದು ಹೆದರಿ ಮರುದಿನದಿಂದ ಶಾಲೆಗೇ ಹೋಗದೆ ಕೂತವಳು ನೀನು. ಐದನೇ ಕ್ಲಾಸಿಗೇ ನಿಂತವಳನ್ನು ಸಿಮೆಂಟು ಚೀಲದ ಕಾಗದದ ಮೇಲೆ ಬರೆಸಿ ಬರೆಸಿ ಇಷ್ಟಕ್ಕೆ ತಂದಿದ್ದೇನೆ. ನನ್ನ ಶಿಷ್ಯೆಯನ್ನು ನೀನೇ ಬೈಯಬೇಡ.

ಈಗ ಮುಖ್ಯ ಸುದ್ದಿ. ಕಾಗದ ಓದಿದವಳೇ ಕೆಳಗೆ ಇಳಿದು ಸೂಪರ್‌ಮಾರ್ಕೆಟಿಗೆ ಹೋದೆ. ಫ್ರಿಜ್ಜಿನ ಸಾಲಿನಲ್ಲಿ ಹಸಿರು ಎಲೆಯ ಪ್ಯಾಕೆಟ್ಟುಗಳು. ಒಂದೊಂದನ್ನೂ ತಿರುಗಿಸಿ ನೋಡಿದೆ. ಒಂಬತ್ತು, ಹನ್ನೊಂದು, ಹದಿನೈದು, ಆಮೇಲೆ ಹದಿನಾಲ್ಕು! ಬೀನ್ಸಿನ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತದ್ದನ್ನು ನೋಡಿ ಕೌಂಟರಿನ ಹುಡುಗಿ ನಕ್ಕಳು.

ಒಂದು ನಿರ್ಧಾರ ಮಾಡಿದ್ದೇನೆ. ಮಗು ಹುಟ್ಟುವ ತನಕ ನಾನು ಹದಿನಾಲ್ಕನೇ ನಂಬರಿನದ್ದು ಬಿಟ್ಟು ಬೇರೆ ತರಕಾರಿ ತಿನ್ನುವುದಿಲ್ಲ. ನಮ್ಮ ಜೊತೆ ಫ್ಲ್ಯಾಟ್ ಶೇರಿಂಗಿನಲ್ಲಿರುವ ಮುನೀರಾ ಗೊತ್ತಲ್ಲ, ಅಡುಗೆಮನೆ ನಮ್ಮಿಬ್ಬರಿಗೂ ಒಂದೇ. ಅವಳಿಗೆ ನಗು. “ಪ್ಯಾಟ್ರಿಶಿಯಾ, ಬೀನ್ಸ್ ಬಿಸಾಡಿ ಆ ಸ್ಟಿಕರನ್ನೇ ಪಲ್ಯ ಮಾಡು. ಜಾಸ್ತಿ ಕ್ರಯ ಇರುದು ಅದಕ್ಕೇ ಅಲ್ವಾ?” ಅನ್ನುತ್ತಾಳೆ. ನಾನು ಹೇಳಿದೆ, “ಸ್ಟಿಕರನ್ನು ಯಾರು ನಂಬ್ತಾರೆ ಮಾರಾಯ್ತಿ? ಕಟ್ಟಿದ್ದು ನನ್ನ ತಂಗಿ.”

ನಿನ್ನ ಅಕ್ಕ


ದುಬೈ
14-2-2014

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕೆಲಸ ಜಾಸ್ತಿ ಇತ್ತು.

ನೀನು ಆರೋಗ್ಯವಾಗಿರುವೆಯಾ? ವಾಂತಿ ನಿಂತಿತಾ? ಅಕ್ಕಾ, ಯಾವ ತರಕಾರಿಯನ್ನಾದರೂ ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು, ಚೆನ್ನಾಗಿ ತೊಳೆದು ತಿನ್ನು. ನಮ್ಮ ಪ್ಯಾಕೆಟ್ಟಿನದ್ದನ್ನೂ ತೊಳೆ. ಮತ್ತೆ ನಾನು ಯೋಚನೆ ಮಾಡಿದೆ, ಹದಿನಾಲ್ಕೇ ಆಗಬೇಕೆಂದು ಹಟ ಯಾಕೆ? ಸಾದಾ ತರಕಾರಿಯನ್ನು ತಿಂದೇ ಅಲ್ಲವೇ ನಾವೆಲ್ಲ ಬೆಳೆದದ್ದು? ಮುನೀರಾ ಎಲ್ಲಿಂದ ತರುತ್ತಾಳೋ ಅಲ್ಲಿಂದಲೇ ನೀನೂ ತಂದರೆ ಏನಾಗುತ್ತದೆ?

ಇಲ್ಲಿ ಎಲ್ಲ ಒಳ್ಳೆಯದೇ. ನನ್ನ ಪಕ್ಕದಲ್ಲಿ ನಿಲ್ಲುವ ಹದಿನೈದನೇ ನಂಬರಿನ ಜೂಡಿತ್ ಬಹಳ ನಗಿಸುತ್ತಾಳೆ. ಬೇರೆ ವಿಶೇಷವಿಲ್ಲ.

ಡೆಲ್ಫಿನ್


ಅಬುಧಾಬಿ
23-2-2014

ಡೆಲ್ಫಿನ್,

ನಿನ್ನ ಕಾಗದ ಓದಿ ನನಗೆ ನಿಜವಾಗಿ ಸಿಟ್ಟು ಬಂತು. ಬಾವ ನಿನಗೆ ಫೋನು ಮಾಡಿ ಹೇಳಿಕೊಟ್ಟರೇ? ಇಲ್ಲದಿದ್ದರೆ ಅವರು ಹೇಳುವ ಮಾತೇ ನಿನ್ನ ಕಾಗದದಲ್ಲಿ ಹೇಗೆ ಬಂತು? “ಎಲ್ಲರೂ ತಿನ್ನುದನ್ನೇ ನೀನೂ ತಿನ್ನು, ಸುಮ್ಮನೆ ತಲೆ ಕೆಡಿಸ್ಕೊಳ್ಬೇಡ.” ಅವರು ಹೋಟೆಲಿನಲ್ಲಿ ಬಂದವರಿಗೆಲ್ಲ ನಗುತ್ತ ಬೀಗದ ಕೈ ಕೊಡುವವರು. ಅವರಿಗೆ ಎಲ್ಲವೂ ಸುಲಭ.

ನನಗೆ ಎರಡು ಸಲ ಹೋಯಿತು, ಡೆಲ್ಫಿ. ಎರಡು ಸಲವೂ ಐದನೇ ತಿಂಗಳಲ್ಲಿ. ಯಾಕೆ ಎಂದು ಡಾಕ್ಟರಿಗೂ ಗೊತ್ತಿಲ್ಲ. “ಕೆಲವು ಸಲ ಹೀಗಾಗ್ತದೆ” ಅಂದರು. ನಾನು ಏನು ಮಾಡಿದರೆ ಹಾಗಾಗುವುದಿಲ್ಲ ಎಂದು ಒಬ್ಬರೂ ಹೇಳುವುದಿಲ್ಲ. ಈಗ ನಾಲ್ಕು ನಡೆಯುತ್ತಿದೆ. ನನ್ನ ಕೈಯಲ್ಲಿರುವುದು ಬಾಯಿಗೆ ಏನು ಹಾಕುತ್ತೇನೆ ಎನ್ನುವುದೊಂದೇ. ಅದನ್ನೂ ಬಿಡು ಎನ್ನುತ್ತೀಯಾ? ನೀನು?

ನಗುವವರು ನಗಲಿ. ನಿನ್ನಿಂದ ನಾನು ಇದನ್ನು ಎಣಿಸಿರಲಿಲ್ಲ.

ಪ್ಯಾಟ್ರಿಶಿಯಾ


ದುಬೈ
14-3-2014

ಪ್ರೀತಿಯ ಅಕ್ಕನಿಗೆ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು.

ಬಾವ ನನಗೆ ಏನೂ ಹೇಳಿಲ್ಲ. ಅವರೊಡನೆ ಜಗಳ ಮಾಡಬೇಡ. ತಪ್ಪು ನನ್ನದು. ನೀನು ಸಾವಯವದ್ದನ್ನೇ ತಿನ್ನು. ನಾನು ಇನ್ನು ಆ ಮಾತು ಎತ್ತುವುದಿಲ್ಲ.

ಆದರೆ ಒಂದು ವಿಷಯ. ನನ್ನ ಸೀಲು ಕೆಲವು ಪ್ಯಾಕೆಟ್ಟಿನಲ್ಲಿ ನೇರವಾಗಿರುತ್ತದೆ, ಕೆಲವದರಲ್ಲಿ ಓರೆಯಾಗಿರುತ್ತದೆ. ನೀನು ನೇರವಾಗಿರುವುದನ್ನೇ ನೋಡಿ ತೆಗೆದುಕೋ. ಓರೆಯದ್ದು ಬೇಡ. ಓರೆಯದ್ದು ನನ್ನ ಕೈ ಸೋತಾಗ ಒತ್ತಿದ್ದು. ಕೈ ಸೋತಾಗ ಹುಳ ನೋಡುವುದು, ಕೊಳೆತದ್ದನ್ನು ಆರಿಸುವುದು ಎಲ್ಲ ಅಷ್ಟಕ್ಕಷ್ಟೇ ಆಗುತ್ತದೆ. ನೇರವಾದದ್ದು ಚೆನ್ನಾಗಿ ನೋಡಿ ಕಟ್ಟಿದ್ದು. ನೇರವಾದದ್ದು ಸಿಗದ ದಿನ ಏನೂ ತೆಗೆದುಕೊಳ್ಳಬೇಡ, ಮನೆಯಲ್ಲಿ ಬೇಳೆ ಇದ್ದರೆ ಸಾರು ಮಾಡು.

ಇಷ್ಟು ಮಾತ್ರ ಮರೆಯಬೇಡ ಅಕ್ಕಾ. ದಿನಾ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹೇಳುತ್ತೇನೆ.

ನಿನ್ನ ಡೆಲ್ಫಿ


ಅಬುಧಾಬಿ
23-4-2014

ನನ್ನ ಬಂಗಾರ ಡೆಲ್ಫಿ,

ಈಸ್ಟರ್ ಹಬ್ಬದ ಶುಭಾಶಯ. ಇಷ್ಟು ದಿನ ಬೇಕೆಂದೇ ಬರೆಯಲಿಲ್ಲ. ಐದನೇ ತಿಂಗಳು ದಾಟುವ ತನಕ ಯಾರಿಗೂ ಏನೂ ಬರೆಯಬಾರದು ಎಂದು ಮನಸ್ಸಿನಲ್ಲಿ ಹರಕೆ ಹೊತ್ತ ಹಾಗೆ ಕೂತಿದ್ದೆ. ದಾಟಿತು! ಈಗ ಆರು. ಒಳಗೆ ಕೂತು ಒದೆಯುತ್ತದೆ. ನಿನ್ನ ಹಾಗೆ ನಾಚಿಕೆಯ ಜಾತಿಯಲ್ಲ.

ಫೆಬ್ರವರಿಯಲ್ಲಿ ಬರೆದದ್ದಕ್ಕೆ ಕ್ಷಮಿಸು. ನಿನಗೆ ಕೆಲಸ ಎಷ್ಟು ಕಷ್ಟವಿರಬಹುದು ಎಂದು ನಾನು ಎಣಿಸಲೇ ಇಲ್ಲ. ನೀನು ಕೈ ಸೋತು ಓರೆ ಸೀಲು ಒತ್ತುತ್ತೇನೆ ಎಂದು ಬರೆದದ್ದು ಓದಿ ನನಗೆ ಊಟ ಸೇರಲಿಲ್ಲ. ಮರುದಿನ ಅಂಗಡಿಗೆ ಹೋದಾಗ ಒಬ್ಬ ಹೆಂಗಸು ಓರೆ ಸೀಲಿನ ಪ್ಯಾಕೆಟ್ ತೆಗೆದು, ಮುಖ ಹುಳಿ ಮಾಡಿ, ಹಿಂದಕ್ಕೆ ಇಟ್ಟಳು. ಹೀಗೇ ಎಲ್ಲರೂ ಇಟ್ಟರೆ ಏನಾಗುತ್ತದೆ? ಉಳಿದದ್ದೆಲ್ಲ ವ್ಯಾನಿನಲ್ಲಿ ವಾಪಸು. ನಂಬರು ನೋಡುತ್ತಾರೆ. ಹದಿನಾಲ್ಕು! ಬೈಗುಳ ಯಾರಿಗೆ?

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವತ್ತಿನಿಂದ ಓರೆಯದ್ದನ್ನೆಲ್ಲ ಹುಡುಕಿ ಹುಡುಕಿ ನಾನೇ ತರುತ್ತೇನೆ. ನೇರವಾದದ್ದನ್ನು ಬೇರೆಯವರು ಹೇಗೂ ಒಯ್ಯುತ್ತಾರೆ. ಬೀನ್ಸ್, ಸೌತೆ, ಟೊಮೆಟೊ ಎಲ್ಲ. ಒಂದೂ ವಾಪಸು ಹೋಗಲು ಬಿಟ್ಟಿಲ್ಲ. ಹುಳವೂ ಇಲ್ಲ, ಕೊಳೆತದ್ದೂ ಇಲ್ಲ, ಕೈ ಸೋತರೂ ನೀನು ಚೆನ್ನಾಗಿಯೇ ನೋಡಿ ಕಟ್ಟುತ್ತೀ. ಮುನೀರಾ ಕೂಡ ಹೇಳಿದಳು, “ಈ ಬೀನ್ಸ್ ಚಂದ ಉಂಟು, ಒಂದೂ ಸೊಟ್ಟ ಇಲ್ಲ, ತೂತಿಲ್ಲ” ಎಂದು.

ನಿನ್ನ ಕೈಯ ಸೋಲನ್ನೆಲ್ಲ ನಾನು ತಿಂದು ಮುಗಿಸಿದ್ದೇನೆ, ಹೆದರಬೇಡ.

ಅಕ್ಕ


ದುಬೈ
25-4-2014

ಅಕ್ಕಾ,

ಓರೆಯದ್ದು ತಿನ್ನಬೇಡ. ಇವತ್ತು ಮನೆಯಲ್ಲಿದ್ದರೂ ಬಿಸಾಡು.

ಎಲ್ಲ ಹೇಳುತ್ತೇನೆ. ಮೊದಲೇ ಹೇಳಬೇಕಿತ್ತು.

ಓರೆ ಸೀಲು ಇರುವುದು ಸಾವಯವದ್ದಲ್ಲ. ಬಿಳಿ ಟ್ರೇಯದ್ದು. ತೋಟದಿಂದ ನೀಲಿ ಟ್ರೇ ಕಡಿಮೆ ಬಂದು ಆರ್ಡರ್ ಜಾಸ್ತಿಯಿದ್ದ ದಿನ ಕ್ಲಾರೆನ್ಸ್ ಸರ್ ಬಿಳಿ ಟ್ರೇ ತಂದು ನಮ್ಮ ಬೆಲ್ಟಿಗೆ ಸುರಿಸುತ್ತಾರೆ. ಫೆಬ್ರವರಿ ಮೊದಲ ವಾರ ಮೊದಲ ಸಲ ನೋಡಿದೆ. “ಸರ್, ಇದು ಮಾರ್ಕೆಟಿನದ್ದು” ಅಂದೆ. ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ. ಅವರು ಹೇಳಿದರು, “ಬೀನ್ಸ್ ಬೀನ್ಸೇ ಅಲ್ವಾ ಮಾರಾಯ್ತಿ? ಬೆಂದ ಮೇಲೆ ಅದರ ಹತ್ರ ಸರ್ಟಿಫಿಕೇಟ್ ಕೇಳ್ತಾರಾ? ಯಲ್ಲಾ, ಬೇಗ ಸ್ಟಿಕರ್ ಹಾಕು.” ನಾನು ಹಾಕಿದೆ. ಶುಕ್ರವಾರ ಅವರೇ ಇಗರ್ಜಿಯಲ್ಲಿ ಮುಂದೆ ನಿಂತು ಬೈಬಲ್ ವಾಚನ ಓದಿದರು. ನನ್ನ ವೀಸಾ ಮಾಡಿಸಿದ್ದು ಅವರು. ಅವರ ತಾಯಿ ನಮ್ಮ ತಾಯಿಗೆ ಕಾಯಿಲೆಯಾದಾಗ ಗಂಜಿ ತಂದುಕೊಟ್ಟವರು. ನಾನು ಯಾರ ಹತ್ತಿರ ಏನು ಹೇಳಲಿ?

ದಿನಾ ಸುಳ್ಳಾದರೆ ಎಷ್ಟೋ ಸುಲಭವಿತ್ತು. ಬಿಟ್ಟುಬಿಡು ಎನ್ನುತ್ತಿದ್ದೆ. ಆದರೆ ವಾರದಲ್ಲಿ ನಾಲ್ಕು ದಿನ ನಿಜವಾದದ್ದೇ ಬರುತ್ತದೆ. ಆ ತೋಟದವರು ಪಾಪ ಸೊಟ್ಟ ಬೀನ್ಸನ್ನು, ತೂತಾದ ಎಲೆಯನ್ನು ಹಾಗೆಯೇ ಕಳಿಸುತ್ತಾರೆ. ಮುನೀರಾ ಚಂದ ಎಂದು ಹೊಗಳಿದ್ದು ಬಿಳಿ ಟ್ರೇಯ ಬೀನ್ಸನ್ನು. ಎರಡಕ್ಕೂ ಅದೇ ಎಲೆ ಚಿತ್ರ, ಅದೇ ನಂಬರು. ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಸುಳ್ಳಿನದ್ದಕ್ಕೆ ಸೀಲು ಓರೆ ಮಾಡಿದೆ. ನಿನಗೊಬ್ಬಳಿಗಾದರೂ ಗೊತ್ತಾಗಲಿ ಎಂದು.

ಕಾರಣ ಬರೆಯಲು ಹೆದರಿದೆ. ನೀನು ಬಾವನಿಗೆ ಹೇಳಿದರೆ, ಬಾವ ಕ್ಲಾರೆನ್ಸ್ ಸರಿಗೆ ಫೋನು ಮಾಡಿದರೆ, ನನ್ನ ವೀಸಾ ಖಲಾಸ್. ನಿನಗೂ ಯೋಚನೆ ಹಚ್ಚಬಾರದು ಎಂದು ಡಾಕ್ಟರು ಹೇಳಿದ್ದಾರಲ್ಲ ಎಂದು ಸುಮ್ಮನಾದೆ.

ಏಪ್ರಿಲ್ ಮೊದಲಿಗೆ ಸಾವಯವ ಎಂದು ಸರ್ಟಿಫಿಕೇಟ್ ಕೊಡುವವರು ತನಿಖೆಗೆ ಬಂದಿದ್ದರು. ಟೋಪಿ ಹಾಕಿದ ಒಬ್ಬ ವಯಸ್ಸಾದವರು. ಅವತ್ತು ಬೆಲ್ಟಿನ ಮೇಲೆ ಬರೀ ನೀಲಿ ಟ್ರೇ. ಗೋಡೆಗೆ ದಾರದಲ್ಲಿ ಒಂದು ದಪ್ಪ ಪುಸ್ತಕ ಕಟ್ಟಿದ್ದಾರೆ. ಪ್ಯಾಕಿಂಗಿನಲ್ಲಿ ತಪ್ಪು ಕಂಡರೆ ಯಾವ ಕೆಲಸದವರಾದರೂ ತಮಗೆ ಬರುವ ಭಾಷೆಯಲ್ಲಿ ಬರೆಯಬಹುದು ಎಂದು ಅದರ ಮೇಲೆ ಐದಾರು ಭಾಷೆಯಲ್ಲಿ ಅಚ್ಚಾಗಿದೆ. ಕನ್ನಡದಲ್ಲಿ ಇಲ್ಲ, ಜೂಡಿತ್ ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹೇಳಿದ್ದು. ಆ ಮುದುಕರು ಅದರ ಪುಟದ ನಂಬರುಗಳನ್ನು ಬೆರಳಿಟ್ಟು ಒಂದೊಂದಾಗಿ ನೋಡಿದರು, ಒಂದು ಹಾಳೆ ಹರಿದಿದ್ದರೂ ಸರ್ಟಿಫಿಕೇಟ್ ಹೋಗುತ್ತದಂತೆ. ಪುಟ ಪುಟದಲ್ಲೂ ಕ್ಲಾರೆನ್ಸ್ ಸರ್ ಕೈಬರಹದಲ್ಲಿ ‘ತೊಂದರೆ ಇಲ್ಲ’ ಎಂದೇ ಇತ್ತು. ಆಮೇಲೆ ಅವರು ನೇರ ನನ್ನ ಎದುರು ಬಂದು ನಿಂತು, ಹಿಂದಿಯಲ್ಲಿ, “ಬೇಟಿ, ಎಲ್ಲ ಸರಿ ಇದೆಯಾ?” ಎಂದು ಕೇಳಿದರು.

ದೊಡ್ಡ ಶಾಲೆಯಲ್ಲಿ ಟೀಚರು ಹೆಸರು ಕೇಳಿದಾಗ ಆದ ಹಾಗೆಯೇ ಆಯಿತು, ಅಕ್ಕಾ. ಹೌದೆಂದು ತಲೆಯಾಡಿಸಿದೆ.

ಡೆಲ್ಫಿನ್


ದುಬೈ
9-5-2014

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಇದಿನಬ್ಬ ಕಾಕನನ್ನು ಎರಡು ಸಲ ಕೇಳಿದೆ. “ನಿನ್ನ ಅಕ್ಕನ ಕೈಯಲ್ಲೇ ಕೊಟ್ಟಿದ್ದೇನೆ. ನನ್ನೆದುರೇ ಒಡೆದು ಓದಿದ್ರು. ನೀರು ಬೇಕಾ ಅಂತ ಕೂಡ ಕೇಳ್ಲಿಲ್ಲ, ಬಾಗಿಲು ಹಾಕಿದ್ರು” ಅಂದರು. ಎರಡು ಶುಕ್ರವಾರದಿಂದ ನೀನು ಫೋನನ್ನೂ ಮಾಡಿಲ್ಲ. ನಾನು ಮಾಡಿದರೆ ಬಾವ ಎತ್ತಿ, “ಮಲಗಿದ್ದಾಳೆ” ಎನ್ನುತ್ತಾರೆ.

ಬೈಯುವುದಾದರೆ ಬೈ. ಏನಾದರೂ ತೊಂದರೆಯಾಗಿದ್ದರೆ ಮುಚ್ಚಿಡಬೇಡ. ಮಗು ಒದೆಯುತ್ತಿದೆಯಾ? ಅಷ್ಟು ಮಾತ್ರ ಬರೆ. ಒಂದು ಸಾಲು ಸಾಕು.

ಬಿಳಿ ಟ್ರೇ ಈ ವಾರ ಮೂರು ಸಲ ಬಂತು. ಸೆಖೆ ಜಾಸ್ತಿಯಾಗಿ ತೋಟದಲ್ಲಿ ಬೆಳೆ ಕಡಿಮೆಯಂತೆ. ಸೀಲು ಓರೆ ಮಾಡಿ ಮಾಡಿ ನನಗೇ ಅಸಹ್ಯ ಬಂದಿದೆ. ಯಾರಿಗೂ ತಿಳಿಯದ ಗುರುತು ಹಾಕಿ ಏನು ಪ್ರಯೋಜನ? ಅಲ್ಲಿ ನಿನ್ನ ಹಾಗೆಯೇ ಇನ್ನೊಬ್ಬಳು ಅದೇ ಪ್ಯಾಕೆಟ್ಟನ್ನು ತಿರುಗಿಸಿ ನೋಡುತ್ತಿರುತ್ತಾಳೆ. ಜೂಡಿತ್ ಹೇಳುತ್ತಾಳೆ, “ನೀನು ಓರೆ ಒತ್ತುದು ನಿನ್ನ ಸಮಾಧಾನಕ್ಕೆ. ನಾನು ನೇರ ಒತ್ತುದು ನನ್ನ ಸಂಬಳಕ್ಕೆ. ಬೀನ್ಸಿಗೆ ಎರಡೂ ಒಂದೇ.” ಅವಳ ಮೇಲೆ ಸಿಟ್ಟು ಬಂತು. ಆದರೆ ಸುಳ್ಳು ಎನ್ನಲು ಆಗಲಿಲ್ಲ.

ಡೆಲ್ಫಿನ್


ಅಬುಧಾಬಿ
18-5-2014

ಡೆಲ್ಫಿನ್,

ಮಗು ಒದೆಯುತ್ತಿದೆ. ಮೊನ್ನೆ ಡಾಕ್ಟರ ಹತ್ತಿರ ಹೋಗಿ, ಎಲ್ಲ ಹೇಳಿ, ಹೊಟ್ಟೆ ನೋಡಿಸಿಕೊಂಡು ಬಂದೆ. ಸರಿಯಾಗಿಯೇ ಬೆಳೆದಿದೆ ಎಂದರು. ಇಡೀ ಊರು ಸಾದಾ ತರಕಾರಿಯನ್ನೇ ತಿನ್ನುತ್ತದೆ, ತೊಳೆದು ತಿನ್ನು ಎಂದರು. ನೀನು ಫೆಬ್ರವರಿಯಲ್ಲಿ ಬರೆದದ್ದೇ ಮಾತು. ಅದನ್ನು ಕೇಳಿ ನನಗೆ ಸಮಾಧಾನ ಆಗಬೇಕಿತ್ತು. ರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದರೆ, ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಮೊದಲು ಆ ಕ್ಲಾರೆನ್ಸನ ಮೇಲೆ. ಆಮೇಲೆ ನನ್ನ ಮೇಲೆ. ಒಂದು ಎಲೆ ಚಿತ್ರ, ಒಂದು ನಂಬರು ನೋಡಿ, ಈ ಸಲ ಹೋಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆನಲ್ಲ. ಅಡುಗೆಮನೆಯಲ್ಲಿ ಮುನೀರಾಳ ಮುಖ ನೋಡಲು ನಾಚಿಕೆ. ಅವಳು ತನ್ನ ತರಕಾರಿಯ ಚೀಲದಿಂದ ಅರ್ಧ ತೆಗೆದು ನನ್ನ ಬುಟ್ಟಿಗೆ ಹಾಕಿ, “ಸ್ಟಿಕರ್ ಇಲ್ಲದ್ದು. ತಿಂತೀಯಲ್ಲ?” ಅಂದಳು. ತಿಂದೆ.

ಈಗ ಸಿಟ್ಟು ನಿನ್ನ ಮೇಲೆ ಬಂದು ನಿಂತಿದೆ. ಮನೆಯಲ್ಲಿ ಕುಡಿಯಲು ನೀರು ತರಲು ಪುರುಸೊತ್ತಿಲ್ಲದ ದಿನಗಳಲ್ಲಿ ಕೂತು ನಿನಗೆ ಅಕ್ಷರ ಕಲಿಸಿದೆ. ಯಾಕೆ? ನಿನಗೆ ಬಾಯಿ ಬರುವುದಿಲ್ಲ, ಬರೆದಾದರೂ ಹೇಳಲಿ ಎಂದು. ನೀನು ನನಗೆ ಓರೆ ಗುರುತು ಕಳಿಸಿದೆ. ‘ಇದು ಸುಳ್ಳು, ತಿನ್ನಬೇಡ’ ಎಂದು ಬರೆಯಲು ಎಷ್ಟು ಅಕ್ಷರ ಬೇಕಿತ್ತು?

ನಿನ್ನ ವೀಸಾದ ಹೆದರಿಕೆ ನನಗೆ ಅರ್ಥವಾಗುತ್ತದೆ. ಬಾವನಿಗೆ ನಾನು ಹೇಳಿಲ್ಲ. ನೀನು ಏನು ಮಾಡಬೇಕು ಎಂದೂ ಹೇಳುವುದಿಲ್ಲ. ಹೇಳಿ ನಿನ್ನ ಕೆಲಸ ಹೋದರೆ ಆ ಪಾಪ ನನಗೆ. ಆದರೆ ಇನ್ನು ನನಗೆ ಹದಿನಾಲ್ಕು ಕಂಡರೆ ಕೈ ಹಿಂದೆ ಬರುತ್ತದೆ, ಡೆಲ್ಫಿ. ನೇರ ಇರಲಿ, ಓರೆ ಇರಲಿ. ಅದಕ್ಕೆ ನಾನು ಏನೂ ಮಾಡಲಾರೆ.

ಪ್ಯಾಟ್ರಿಶಿಯಾ


ದುಬೈ
20-5-2014, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಮಗು ಒದೆಯುತ್ತಿದೆ ಎಂಬ ಸಾಲನ್ನು ಮಾತ್ರ ಮೊದಲು ಹತ್ತು ಸಲ ಓದಿದೆ. ಆಮೇಲೆ ಉಳಿದದ್ದು. ನೀನು ಬೈದದ್ದೆಲ್ಲ ಸರಿ.

ಇದು ನಾಳೆ ಇದಿನಬ್ಬ ಕಾಕನ ಕೈಯಲ್ಲಿ ಬರುತ್ತದೆ. ಮುಂದಿನ ಬುಧವಾರ ನಾನು ಇಲ್ಲೇ ಇರುತ್ತೇನೋ ಇಲ್ಲವೋ ಗೊತ್ತಿಲ್ಲ. ಹೆದರಬೇಡ, ನಾನು ಹೆದರಿಲ್ಲ. ಸುಳ್ಳು, ಹೆದರಿದ್ದೇನೆ.

ಇವತ್ತು ಬೆಲ್ಟು ತೊಳೆದು ಒಣಗುವ ಮೊದಲೇ ಆರು ಬಿಳಿ ಟ್ರೇ ಬಂದವು. ಕ್ಲಾರೆನ್ಸ್ ಸರ್ ಫೋನಿನಲ್ಲಿ ಮಾತಾಡುತ್ತ, ಹಾಕು ಎಂದು ಕೈಸನ್ನೆ ಮಾಡಿದರು. ನಾನು ಸೀಲು, ಶಾಯಿ ಡಬ್ಬಿ ಹಿಡಿದುಕೊಂಡೇ ಪುಸ್ತಕ ಕಟ್ಟಿದ ಗೋಡೆಯ ಹತ್ತಿರ ಹೋದೆ. ಜೂಡಿತ್ ಹಿಂದಿನಿಂದ, “ಏ, ಎಲ್ಲಿಗೆ?” ಅಂದಳು. ಪುಸ್ತಕದ ಪೆನ್ನು ಒಣಗಿತ್ತು. ಕೆಲಸದವರು ಯಾರೂ ಬರೆಯುವುದಿಲ್ಲವಲ್ಲ, ಸರ್ ತಮ್ಮದೇ ಪೆನ್ನಿನಲ್ಲಿ ಬರೆಯುತ್ತಾರೆ. ಅವಳೇ ತನ್ನ ಪೆನ್ನು ತಂದು ಕೊಟ್ಟು, ನನ್ನ ಮುಖ ನೋಡದೆ ತಿರುಗಿ ಹೋದಳು.

ನಲವತ್ತೊಂದನೇ ಪುಟ. ಕನ್ನಡದಲ್ಲಿ ಬರೆದೆ. ಈ ಪ್ಯಾಕಿಂಗ್ ಹಾಲಿನಲ್ಲಿ ಅದನ್ನು ಓದಲು ಬರುವುದು ಜೂಡಿತ್‌ಳಿಗೆ, ಕ್ಲಾರೆನ್ಸ್ ಸರಿಗೆ. ಆದರೆ ಹಾಳೆ ಹರಿಯುವ ಹಾಗಿಲ್ಲ. ಟೋಪಿಯವರು ಮತ್ತೆ ಬಂದು ಬೆರಳಿಟ್ಟಾಗ ಇದೇನು ಎಂದು ಕೇಳಿಯೇ ಕೇಳುತ್ತಾರೆ. ಬರೆದದ್ದನ್ನು ನಿನಗೂ ಇಲ್ಲಿ ನಕಲು ಮಾಡುತ್ತೇನೆ. ತಪ್ಪಿದ್ದರೆ ತಿದ್ದು:

“20-5-2014. ಇವತ್ತು ಬೆಲ್ಟಿಗೆ ಹಾಕಲು ತಂದ ಆರು ಬಿಳಿ ಟ್ರೇ ಬೀನ್ಸ್ ಮಾರ್ಕೆಟಿನದ್ದು. ಸಾವಯವದ್ದಲ್ಲ. ಫೆಬ್ರವರಿಯಿಂದ ಹೀಗೆ ನಡೆಯುತ್ತಿದೆ. ನಾನೂ ಸ್ಟಿಕರ್ ಅಂಟಿಸಿದ್ದೇನೆ. ಡೆಲ್ಫಿನ್.”

ಎಷ್ಟು ಅಕ್ಷರ ಬೇಕಿತ್ತು ಎಂದು ಕೇಳಿದೆಯಲ್ಲ, ಇಪ್ಪತ್ತು ಪದವೂ ಆಗಲಿಲ್ಲ. ಕ್ಲಾರೆನ್ಸ್ ಸರ್ ಫೋನು ಕಿವಿಯಿಂದ ತೆಗೆದು ನನ್ನ ಕಡೆಗೆ ನಡೆದು ಬರುತ್ತಿದ್ದರು. ಹೆಸರಿನ ಕೆಳಗೆ ಜಾಗವಿತ್ತು. ಸೀಲನ್ನು ಶಾಯಿಗೆ ಅದ್ದಿ, ಎರಡೂ ಕೈಯಲ್ಲಿ ಹಿಡಿದು, ನೇರವಾಗಿ ಒತ್ತಿದೆ.